ಕ್ಯಾಂಪಸ್ಸಿಗೆ ಬರೀ ಸಾಫ್ಟ್‌ವೇರ್ ಕಂಪನಿಗಳೇ ಬಂದರೆ ಮೆಕ್ಯಾನಿಕಲ್‌ನವರಿಗೆ ಪ್ಲೇಸ್‌ಮೆಂಟ್ ಸೆಲ್‌ನಿಂದ ಏನು ಉಪಯೋಗ?

ಹಾಸನದಲ್ಲಿ ಮೆಕ್ಯಾನಿಕಲ್ ಆರನೇ ಸೆಮಿಸ್ಟರ್ ಓದ್ತಿದ್ದೀನಿ, ಕೋರ್ ಕಂಪನಿ, ಅಂದ್ರೆ ನಮ್ಮ ಬ್ರಾಂಚಿನ ಕೆಲಸ ಇರೋ ಕಂಪನಿ, ಒಂದೂ ಬರಲ್ಲ, ಪ್ಲೇಸ್‌ಮೆಂಟ್ ಸೆಲ್ ಕಡೆ ತಲೆ ಹಾಕೋದೇ ಬಿಟ್ಟೆ ಅಂತ ಬರೆದಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಬೆಂಗಳೂರಿನ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿದ್ದೇನೆ. ಇಂಟರ್ನ್‌ಶಿಪ್ ಕೇಳಿಕೊಂಡು ಬರುವವರ ಪತ್ರ ನೋಡುವುದು ನನ್ನ ಕೆಲಸ.

ಇಲ್ಲಿನ ಸಣ್ಣ ಕಾರ್ಖಾನೆಗಳು ಕ್ಯಾಂಪಸ್ ಡ್ರೈವ್ ಅಂತ ಊರೂರು ಸುತ್ತುವುದಿಲ್ಲ. ಎಷ್ಟೋ ಕಡೆ ಎಚ್‌ಆರ್ ಅಂತಲೇ ಯಾರೂ ಇರುವುದಿಲ್ಲ. ಆದರೆ ಕಾಲೇಜಿನಿಂದ ಸರಿಯಾದ ಪತ್ರ ತಂದವರನ್ನು ಕೂರಿಸಿ ಮಾತಾಡಿಸುತ್ತೇವೆ. ಆ ಪತ್ರ ಸಿಗುವುದು ಪ್ಲೇಸ್‌ಮೆಂಟ್ ಸೆಲ್‌ನಲ್ಲೇ ಅಲ್ವಾ? ಲೆಟರ್‌ಹೆಡ್, ನಿಮ್ಮ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ನೋಂದಣಿ ಸಂಖ್ಯೆ), ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಿಚಾರಿಸಲು ಒಬ್ಬ ಮೇಷ್ಟ್ರ ಫೋನ್ ನಂಬರ್, ಸಹಿ, ಸೀಲು, ಇಷ್ಟೂ ಇರಲಿ. ತಾರೀಖಿನ ಜಾಗ ಖಾಲಿ ಬಿಟ್ಟ ಪತ್ರಗಳೇ ಜಾಸ್ತಿ ಬರುತ್ತವೆ. ಓಡುತ್ತಿರುವ ಲೇತ್ ಪಕ್ಕ ಯಾರನ್ನು ಎಷ್ಟು ದಿನ ನಿಲ್ಲಿಸುತ್ತಿದ್ದೇವೆ ಅನ್ನುವುದು ನಮಗೆ ಗೊತ್ತಿರಬೇಕು. ‘ಸಂಬಂಧಪಟ್ಟವರಿಗೆ’ ಅಂತ ಬರೆಸುವ ಬದಲು ಆಯಾ ಕಂಪನಿಯ ಹೆಸರಿಗೇ ಬರೆಸಿ.

ಸೆಲ್‌ನಲ್ಲಿ ಕೇಳಬೇಕಾದ ಇನ್ನೊಂದು, ಓದು ಮುಗಿಸಿ ಕೆಲಸಕ್ಕೆ ಸೇರಿದ ಸೀನಿಯರ್ಸ್ ಪಟ್ಟಿ. ‘ಕೋರ್ ಕಂಪನಿ ಕರೆಸಿ ಸರ್’ ಅಂತ ಸುಮ್ನೆ ಕೇಳಿದರೆ ಸೆಲ್ ನೋಡಿಕೊಳ್ಳುವ ಅಧಿಕಾರಿ, ಟಿಪಿಒ ಆದರೂ ಏನು ಮಾಡಿಯಾರು? ‘ನಮ್ಮ ಬ್ರಾಂಚಿನವರು ಪೀಣ್ಯ, ಬಿಡದಿ ಕಡೆ ಯಾರಿದ್ದಾರೆ ಸರ್, ಒಬ್ಬರ ನಂಬರ್ ಕೊಡಿಸ್ತೀರಾ?’ ಅಂತ ಕೇಳಿ ನೋಡಿ. ಒಬ್ಬ ಸೀನಿಯರ್ ಹೇಳಿ ಕಳಿಸಿದ ಹುಡುಗನಿಗೆ ನಮ್ಮಲ್ಲಿ ಇಲ್ಲ ಅನ್ನುವುದು ಕಷ್ಟ. ಅಭ್ಯಾಸಕ್ಕೆ ಅಂತ ನಡೆಸುವ ಮಾಕ್ ಇಂಟರ್‌ವ್ಯೂ ಇದ್ದರೆ ಅದಕ್ಕೂ ಹೋಗಿ.

ಡಿಗ್ರಿ ಮುಗಿದ ಮೇಲಿನ ದಾರಿಯನ್ನೂ ಈಗಲೇ ವಿಚಾರಿಸಿ. ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷಕ್ಕೆ ಗ್ರಾಜುಯೇಟ್ ಅಪ್ರೆಂಟಿಸ್‌ಗಳನ್ನು ತಗೊಳ್ಳುತ್ತವೆ, ಸ್ಟೈಪೆಂಡ್ ಇರುತ್ತದೆ. ಅರ್ಜಿಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಅದು ಕಾಯಂ ನೌಕರಿ ಅಲ್ಲ, ನಿಜ. ಆದರೂ ಅಲ್ಲಿ ಒಂದು ವರ್ಷ ಡ್ರಾಯಿಂಗ್ ಓದಿ, ಅಳತೆ ಹಿಡಿದು ಬಂದವರನ್ನು ನಾವು ಖುಷಿಯಿಂದ ಸೇರಿಸಿಕೊಳ್ಳುತ್ತೇವೆ.

ದುಡ್ಡು ಕಟ್ಟಿದರೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡ್ತೀವಿ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಮೈಕ್ರೋಮೀಟರ್ ಕೈಗೆ ಕೊಟ್ಟು ರೀಡಿಂಗ್ ಹೇಳು ಅಂದರೆ ಆ ಕಾಗದ ಏನೂ ಸಹಾಯ ಮಾಡುವುದಿಲ್ಲ.

ಪತ್ರವನ್ನು ಪರೀಕ್ಷೆ ಶುರುವಾಗುವ ಮೊದಲೇ ಮಾಡಿಸಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಎಲ್ಲ ಕಾಲೇಜಿನವರೂ ಒಟ್ಟಿಗೇ ಬರುತ್ತಾರೆ, ನಾವು ಇಬ್ಬರು ಮೂವರನ್ನು ಬಿಟ್ಟು ಉಳಿದವರನ್ನು ವಾಪಸ್ ಕಳಿಸಬೇಕಾಗುತ್ತದೆ.