ಮುಸ್ತಫಾ ಪೆಟ್ಟಿಗೆಗೆ ಮತ್ತೆ ಜೀವ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ತೊಂಬತ್ತರ ದಶಕದಲ್ಲಿ ನಮ್ಮ ತಂದೆ ಬಸ್ ನಿಲ್ದಾಣದ ಹತ್ತಿರ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದಾಗ ಒಂದು ಪೆಟ್ಟಿಗೆಯನ್ನು ಮಾತ್ರ ಮಾರದೆ ಉಳಿಸಿಕೊಂಡರು. ಅದರಲ್ಲಿ ‘ಮುಸ್ತಫಾ’ ಆಟವಿದೆ. ಗೋದಾಮಿನಲ್ಲಿ ಬಿದ್ದು ವರ್ಷಗಳೇ ಆಗಿವೆ. ತಂದೆಯ ಕಣ್ಣೆದುರು ಅದನ್ನು ಮತ್ತೆ ಓಡಿಸಬೇಕೆಂಬ ಆಸೆ. ಪ್ಲಗ್ ಹಾಕಿ ನೋಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬೇಡ, ದಯವಿಟ್ಟು ಬೇಡ. ಇಷ್ಟು ವರ್ಷ ಕಾದ ಪೆಟ್ಟಿಗೆ ಇನ್ನು ಕೆಲವು ವಾರ ಕಾಯಲಿ. ನಾನು ಕಂಡಂತೆ, ಗೋದಾಮಿನ ತೇವಕ್ಕೂ ಧೂಳಿಗೂ ಸಾಯದ ಬೋರ್ಡುಗಳು, ಅಂದರೆ ಆಟದ ಚಿಪ್ಪುಗಳಿರುವ ಸರ್ಕ್ಯೂಟ್ ಹಲಗೆಗಳು, ‘ಒಮ್ಮೆ ಹಾಕಿ ನೋಡೋಣ’ ಎಂದವರ ಕೈಯಲ್ಲಿ ಸತ್ತಿವೆ.

ಮೊದಲು ಹಿಂಬಾಗಿಲು ತೆಗೆದು ಟಾರ್ಚ್ ಹಿಡಿದು ನೋಡಿ. ಇಲಿ ಗೂಡು ಕಟ್ಟಿದೆಯೇ, ವೈರುಗಳನ್ನು ಕಡಿದಿದೆಯೇ? ಇಲಿಯ ಮೂತ್ರ ಬಿದ್ದ ಕಡೆ ತಾಮ್ರ ಹಸಿರುಗಟ್ಟಿರುತ್ತದೆ. ಹಾಗಿದ್ದರೆ ಆ ಜಾಗವನ್ನು ಶುಚಿ ಮಾಡದೆ ಮುಂದೆ ಹೋಗಬಾರದು. ಆಮೇಲೆ ಬೋರ್ಡಿನ ಅಂಚಿಗೆ ಸಿಕ್ಕಿಸಿರುವ ಉದ್ದನೆಯ ಕನೆಕ್ಟರನ್ನು ಮೆಲ್ಲಗೆ ಎಳೆದು ಬೋರ್ಡನ್ನು ಹೊರಗೆ ತೆಗೆಯಿರಿ. ಈ ಕನೆಕ್ಟರಿಗೆ ಜಮ್ಮಾ ಎಂದು ಹೆಸರು. ಜಪಾನಿನ ತಯಾರಕರ ಸಂಘ ಎಂಬತ್ತರ ದಶಕದ ನಡುವೆ ತಂದ ಏರ್ಪಾಡು ಇದು. ಒಂದೊಂದು ಬದಿಗೆ 28ರಂತೆ ಒಟ್ಟು 56 ಸಂಪರ್ಕಗಳು. ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರ ಬೋರ್ಡ್ ಹೊಂದುವಂತಾದದ್ದು ಇದರಿಂದಲೇ. ತೆಗೆಯುವ ಮುನ್ನ ಯಾವ ಬದಿ ಮೇಲಿತ್ತೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತಲೆಕೆಳಗಾಗಿ ಸಿಕ್ಕಿಸಿದರೆ 5 ವೋಲ್ಟ್ ಹೋಗಬಾರದ ಕಡೆ ಹೋಗುತ್ತದೆ.

ಈಗ ಪವರ್ ಸಪ್ಲೈ. ಅದು 5, 12 ಮತ್ತು ಮೈನಸ್ 5 ವೋಲ್ಟ್ ಕೊಡುವ ಡಬ್ಬಿ. ಒಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳು ಇಷ್ಟರಲ್ಲಿ ಒಣಗಿರುತ್ತವೆ. ಹಳೆಯದನ್ನು ಸವರಿಸುವುದಕ್ಕಿಂತ ಹೊಸದನ್ನು ಹಾಕುವುದೇ ಮೇಲೆಂದು ನಾನು ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಹಳೆಯದನ್ನು ಬದಲಿಸಲು ನಾನು ಒಪ್ಪುವ ಭಾಗ ಇದೊಂದೇ. ಬೋರ್ಡಿನ ಚಿಪ್ಪುಗಳು 4.75ರಿಂದ 5.25 ವೋಲ್ಟಿನ ನಡುವೆ ಮಾತ್ರ ಸುಖವಾಗಿರುತ್ತವೆ. ಆದ್ದರಿಂದ ಬೋರ್ಡ್ ಸಿಕ್ಕಿಸುವ ಮೊದಲೇ ಮಲ್ಟಿಮೀಟರಿನಿಂದ ಅಳೆದು, ಡಬ್ಬಿಯ ಮೇಲಿನ ಪುಟ್ಟ ತಿರುಪಿನಿಂದ 5ಕ್ಕೆ ತನ್ನಿ. ಬೋರ್ಡ್ ಸಿಕ್ಕಿಸಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಆಗ ಡಬ್ಬಿಯ ಬಾಯಲ್ಲಿ ಅಳೆದರೆ ಸಾಲದು, ಬೋರ್ಡಿನ ಮೇಲೆಯೇ ಅಳೆಯಿರಿ. ತೆಳುವಾದ ಹಳೆಯ ವೈರುಗಳಲ್ಲಿ ಒಂದಿಷ್ಟು ವೋಲ್ಟೇಜ್ ದಾರಿಯಲ್ಲೇ ಕರಗಿಹೋಗುತ್ತದೆ.

ಬೋರ್ಡಿನ ಅಂಚಿನ ಲೋಹದ ಪಟ್ಟಿಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ಬಳಿಕ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವದಲ್ಲಿ ಒರೆಸಿ. ಮರಳು ಕಾಗದ ಮುಟ್ಟಲೇಬಾರದು. ಕೆಲವು ಚಿಪ್ಪುಗಳ ಬೆನ್ನಿಗೆ ಸ್ಟಿಕರ್ ಅಂಟಿಸಿರುವುದು ಕಾಣುತ್ತದೆ. ಅದನ್ನು ಕೀಳಬೇಡಿ. ಅದರಡಿಯಲ್ಲಿ ಚಿಕ್ಕ ಗಾಜಿನ ಕಿಟಕಿ ಇದೆ. ಒಳಗೆ ನೋಡಿದರೆ ಉಗುರಿನ ತುದಿಯಷ್ಟೂ ಇಲ್ಲದ ಚೌಕ ಹೊಳೆಯುತ್ತದೆ. ಇಡೀ ಆಟ ಇರುವುದು ಅಂಥ ಕೆಲವು ಚೌಕಗಳಲ್ಲಿ. ನೇರಳಾತೀತ ಬೆಳಕು ಆ ಕಿಟಕಿಯಿಂದ ಒಳಹೊಕ್ಕರೆ ಅಲ್ಲಿರುವುದು ಅಳಿಸಿಹೋಗುತ್ತದೆ. ಬಿಸಿಲಿನಲ್ಲೂ ಆ ಬೆಳಕು ಸ್ವಲ್ಪ ಇದೆ. ಸಾಧ್ಯವಾದರೆ ಚಿಪ್ ಓದುವ ಉಪಕರಣ ಇರುವವರ ಬಳಿ ಒಂದೊಂದನ್ನೂ ಓದಿಸಿ ಪ್ರತಿ ಇಟ್ಟುಕೊಳ್ಳಿ. 1997ರಲ್ಲಿ ಶುರುವಾದ ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ಎಮ್ಯುಲೇಟರ್ ಯೋಜನೆಯವರು ಸಾವಿರಾರು ಆಟಗಳ ಚಿಪ್ಪುಗಳನ್ನು ಹೀಗೆಯೇ ದಾಖಲಿಸಿದ್ದಾರೆ. ನಿಮ್ಮ ಪ್ರತಿಯನ್ನು ಅದರೊಂದಿಗೆ ಹೋಲಿಸಿದರೆ ಯಾವ ಚಿಪ್ ಕೆಟ್ಟಿದೆ ಎಂಬುದು ತಿಳಿಯುತ್ತದೆ.

ಕೊನೆಗೆ ಪರದೆ. ಇಲ್ಲಿ ನಾನು ಕಟ್ಟುನಿಟ್ಟು. ಬಣ್ಣದ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು, ಪ್ಲಗ್ ತೆಗೆದ ಮೇಲೂ ಟ್ಯೂಬಿನಲ್ಲಿ ಅದು ಉಳಿದಿರಬಹುದು. ಹಳೆಯ ಟಿವಿ ರಿಪೇರಿ ಮಾಡಿದ ಮೆಕ್ಯಾನಿಕ್ ಒಬ್ಬರು ಊರಿನಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕರೆಸಿ. ಟ್ಯೂಬಿಗೆ ಆ ಭಾರಿ ವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನ ಕಾಲುಗಳ ಸುತ್ತ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಲು ಹೇಳಿ. ಕೂದಲೆಳೆಯಂಥ ಉಂಗುರದ ಬಿರುಕು ಕಂಡರೆ ಮತ್ತೆ ಬೆಸೆಯಬೇಕು. ಚಾಲೂ ಮಾಡಿದಾಗ ಪರದೆಯ ನಡುವೆ ಒಂದೇ ಅಡ್ಡ ಗೆರೆ ಬಂದರೆ ಹೆದರಬೇಡಿ, ಚಿತ್ರವನ್ನು ಮೇಲೆ ಕೆಳಗೆ ಹರಡುವ ಭಾಗ ಕೆಟ್ಟಿದೆ ಎಂದರ್ಥ. ಆದರೆ ಕೂಡಲೇ ಆರಿಸಿ, ಇಲ್ಲವಾದರೆ ಆ ಗೆರೆ ಟ್ಯೂಬಿನ ಮೇಲೆ ಶಾಶ್ವತವಾಗಿ ಸುಟ್ಟು ಕೂರುತ್ತದೆ. ಇನ್ನೂ ಒಂದು ಮಾತು. ಮನೆಯ ಟಿವಿಯನ್ನೇ ಬಿಚ್ಚಿ ಪರದೆಯಾಗಿ ಕೂರಿಸಿದ ಪೆಟ್ಟಿಗೆಗಳನ್ನೂ ನೋಡಿದ್ದೇನೆ. ಅಂಥ ಟಿವಿಯ ಒಳಗಿನ ಲೋಹದ ಚೌಕಟ್ಟು (ಚಾಸಿಸ್) ನೇರವಾಗಿ 230 ವೋಲ್ಟಿನ ಸಂಪರ್ಕದಲ್ಲಿ ಇರಬಹುದು. ನಡುವೆ, ಮನೆಯ ವಿದ್ಯುತ್ತಿನ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ತಂದೆಯವರ ಕೈಗೆ ಜಾಯ್‌ಸ್ಟಿಕ್ ಕೊಡಿ.

ಪ್ರಶ್ನೆ: ನನ್ನ ಬಳಿ ಇರುವ ಮುಸ್ತಫಾ ಬೋರ್ಡ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಬ್ಯಾಟರಿ ಹೋದರೆ ಬೋರ್ಡ್ ಸಾಯುತ್ತದೆ ಎನ್ನುತ್ತಾರೆ, ನಿಜವೇ?
— ಓದುಗರು, ಮಂಗಳೂರು

ಉತ್ತರ: ನಿಜ, ಅಸಲಿಯ ವಿಷಯದಲ್ಲಿ. ನಮ್ಮಲ್ಲಿ ಮುಸ್ತಫಾ ಎಂದೇ ಹೆಸರಾದದ್ದು ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’. ಅಸಲಿ ಬೋರ್ಡಿನಲ್ಲಿ ಕ್ಯೂಸೌಂಡ್ ಎಂಬ ಧ್ವನಿ ವ್ಯವಸ್ಥೆ ಇದೆ. ಅದನ್ನು ನಡೆಸುವ ಚಿಪ್ಪಿಗೆ ಗುಪ್ತಲಿಪಿಯ ಬೀಗ ಹಾಕಿ, ಬೀಗದ ಕೈಯನ್ನು ಬ್ಯಾಟರಿಯ ಬಲದಲ್ಲಿ ಇಟ್ಟಿದ್ದಾರೆ. ಬ್ಯಾಟರಿ ಖಾಲಿಯಾದ ಕ್ಷಣ ಕೀಲಿಕೈ ಮಾಯ, ಆಟವೂ ನಿಲ್ಲುತ್ತದೆ. ಅದೇ ಕಂಪನಿ ಮುಂದೆ ತಂದ ಸಿಪಿಎಸ್-2 ಬೋರ್ಡುಗಳಲ್ಲೂ ಇದೇ ಕಥೆ. ಕಳ್ಳ ನಕಲು ತಡೆಯುವುದು ಅವರ ಉದ್ದೇಶವಾಗಿತ್ತು. ಆದರೆ ದುಡ್ಡು ಕೊಟ್ಟು ಕೊಂಡವನ ಬೋರ್ಡಿಗೂ ಹೀಗೆ ಆಯುಸ್ಸು ಬರೆದದ್ದು ಅನ್ಯಾಯವೆಂದೇ ನನ್ನ ಭಾವನೆ. ಸಂತೋಷದ ಸಂಗತಿ ಎಂದರೆ, ಹವ್ಯಾಸಿಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಆ ಕೀಲಿಕೈಯನ್ನು ಮತ್ತೆ ಬರೆಯುವ ದಾರಿಯನ್ನು ಕಂಡುಹಿಡಿದಿದ್ದಾರೆ. ಆದ್ದರಿಂದ ಸತ್ತ ಅಸಲಿ ಬೋರ್ಡನ್ನು ಗುಜರಿಗೆ ಹಾಕಬೇಡಿ.

ನಕಲಿ ಬೋರ್ಡಿಗೆ ಈ ಭಯವಿಲ್ಲ. ನಕಲು ಮಾಡಿದವರು ಕ್ಯೂಸೌಂಡನ್ನೇ ಕಿತ್ತುಹಾಕಿ ಅಗ್ಗದ ಧ್ವನಿ ಚಿಪ್ ಕೂರಿಸಿದರು. ಆಟ ಶುರುವಾಗುವಾಗ ಕ್ಯೂಸೌಂಡ್ ಗುರುತು ಬಾರದೆ, ಸಂಗೀತ ಒರಟಾಗಿ ಕೇಳಿದರೆ ನಿಮ್ಮದು ನಕಲಿ. ಅದಕ್ಕಾಗಿ ಬೇಸರಪಡಬೇಡಿ. ನಮ್ಮ ಊರುಗಳ ಎಷ್ಟೋ ಅಂಗಡಿಗಳಲ್ಲಿ ಹುಡುಗರು ಕೇಳಿ ಬೆಳೆದದ್ದು ಆ ಒರಟು ಸಂಗೀತವನ್ನೇ, ಅದನ್ನೂ ಉಳಿಸಬೇಕು.

ಪ್ರಶ್ನೆ: ಇಬ್ಬರು ಆಡುವ ಪೆಟ್ಟಿಗೆಯಲ್ಲಿ ಮುಸ್ತಫಾ ಆಟಕ್ಕೆ ಮೂರನೆಯ ಆಟಗಾರನನ್ನು ಸೇರಿಸಬಹುದೇ? ಅದರಲ್ಲೇ ಸ್ಟ್ರೀಟ್ ಫೈಟರ್ ಕೂಡ ಹಾಕಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಆಗುತ್ತವೆ. ಜಮ್ಮಾದಲ್ಲಿ ಇಬ್ಬರು ಆಟಗಾರರಿಗೆ, ತಲಾ ಮೂರು ಗುಂಡಿಗಳಿಗೆ ಮಾತ್ರ ಜಾಗ. ಮೂರನೆಯವನ ವೈರುಗಳು ಬೋರ್ಡಿನ ಬೇರೊಂದು ಚಿಕ್ಕ ಕನೆಕ್ಟರಿನಿಂದ ಬರಬೇಕು. ಸ್ಟ್ರೀಟ್ ಫೈಟರ್ 2ಕ್ಕೆ ಆರು ಗುಂಡಿ: ಗುದ್ದುವ ಮೂರು ಜಮ್ಮಾದಲ್ಲಿ, ಒದೆಯುವ ಮೂರು ಪ್ರತ್ಯೇಕ ಕನೆಕ್ಟರಿನಲ್ಲಿ. ಆದರೆ ಹಳೆಯ ಗುಂಡಿಹಲಗೆಗೆ ಹೊಸ ತೂತು ಕೊರೆಯಬೇಡಿ. ಅದೇ ಅಳತೆಯ ಇನ್ನೊಂದು ಹಲಗೆ ಮಾಡಿಸಿ, ಬೇಕಾದಾಗ ಬದಲಿಸಿಕೊಳ್ಳಿ.

ಪ್ರಶ್ನೆ: ಹಳೆಯ ಪೆಟ್ಟಿಗೆಯ ಟ್ಯೂಬ್, ಬೋರ್ಡ್ ಎಲ್ಲ ತೆಗೆದು ಎಲ್‌ಸಿಡಿ ಪರದೆ ಮತ್ತು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸುವ ಯೋಚನೆಯಿದೆ. ಸಲಹೆ ಕೊಡಿ.
— ಓದುಗರು, ಮೈಸೂರು

ಉತ್ತರ: ಹಳೆಯದನ್ನು ಮುಟ್ಟಬೇಡಿ ಎಂಬುದೇ ನನ್ನ ಸಲಹೆ. ಪಿಕ್ಚರ್ ಟ್ಯೂಬ್ ತಯಾರಿಸುತ್ತಿದ್ದ ಕಾರ್ಖಾನೆಗಳು ಮುಚ್ಚಿವೆ, ನೀವು ಎಸೆದದ್ದು ಮತ್ತೆ ಹುಟ್ಟುವುದಿಲ್ಲ. ಪೈಗೆ ಹೊಸ ಪೆಟ್ಟಿಗೆಯೇ ಸರಿ. ನಿಮ್ಮ ಬಡಗಿಗೆ 18 ಎಂಎಂ ಪ್ಲೈವುಡ್ ಕೊಟ್ಟು, ಗುಂಡಿಹಲಗೆ ನೆಲದಿಂದ ಸುಮಾರು ಮೂರು ಅಡಿ ಎತ್ತರಕ್ಕೆ ಬರುವಂತೆ ಮಾಡಿಸಿ. ಜಪಾನಿನ ಸಾನ್ವಾ ಕಂಪನಿಯ ಗುಂಡಿಗಳಿಗೆ 30 ಎಂಎಂ ತೂತು ಬೇಕು, ಅಮೆರಿಕದ ಮಾದರಿಯವಕ್ಕೆ 28 ಎಂಎಂ ಚಿಲ್ಲರೆ. ಗುಂಡಿ ಕೈಗೆ ಬಂದ ಮೇಲೆಯೇ ಕೊರೆಯಿಸಿ.

ಪ್ಯಾಕ್‌ಮ್ಯಾನ್ ಆಡುವ ಆಸೆಯಿದ್ದರೆ ಜಾಯ್‌ಸ್ಟಿಕ್ಕಿನ ಅಡಿಯಲ್ಲಿರುವ ತಡೆತಟ್ಟೆಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿ. 1980ರ ಆ ಆಟಕ್ಕೆ ಮೂಲೆಯ ದಿಕ್ಕುಗಳೇ ಇಲ್ಲ. ಎಂಟು ದಿಕ್ಕಿನ ಕೋಲಿನಲ್ಲಿ ಆಡಿದರೆ ತಿರುವುಗಳಲ್ಲಿ ಸಿಕ್ಕಿಕೊಂಡು ಭೂತದ ಬಾಯಿಗೆ ಬೀಳುತ್ತೀರಿ.

ಪ್ರಶ್ನೆ: ನನ್ನ ಪೆಟ್ಟಿಗೆಯ ನಾಣ್ಯದ ಬಾಯಿ ಈಗಿನ ಒಂದು ರೂಪಾಯಿಯನ್ನು ಉಗುಳುತ್ತದೆ. ಸರಿಪಡಿಸಲು ಆಗುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಅದು ಕೆಟ್ಟಿಲ್ಲ. 1992ರಲ್ಲಿ ಬಂದ ಸ್ಟೀಲಿನ ರೂಪಾಯಿ 25 ಎಂಎಂ ಅಗಲವಿತ್ತು, 2011ರಿಂದ ಬಂದದ್ದು 22 ಎಂಎಂ. ಒಳಗೆ ಮಾದರಿ ನಾಣ್ಯ ಇಟ್ಟು ಹೋಲಿಸುವ ಬಗೆಯದಾದರೆ, ಆ ನಾಣ್ಯವನ್ನು ತೆಗೆದು ಹೊಸದನ್ನು ಇಟ್ಟರೆ ಸಾಕು. ಅಳತೆಯ ಮೇಲೆ ನಡೆಯುವ ಬಗೆಯದಾದರೆ ಅದನ್ನು ತಿದ್ದಲು ಹೋಗದೆ, ಹಳೆಯ ರೂಪಾಯಿಗಳನ್ನೇ ಒಂದು ಡಬ್ಬಿಯಲ್ಲಿ ಕೂಡಿಟ್ಟುಕೊಂಡು ಆಡಿ. ಬಂದ ನೆಂಟರಿಗೂ ಅದರಿಂದಲೇ ಕೊಡಿ, ಆಟ ಮುಗಿದ ಮೇಲೆ ಕೆಳಗಿನ ಬೀಗ ತೆಗೆದು ವಾಪಸ್ ತುಂಬಿಕೊಳ್ಳಬಹುದು.