ವೆಂಟಿಲೇಟರ್ ತೆಗೆಸಲು ಸಹಿ ಹಾಕಿದೆ, ನಾನು ಪಾಪ ಮಾಡಿದೆನೇ?

ಪ್ರಶ್ನೆ: ನಮ್ಮ ತಂದೆಯವರಿಗೆ 79 ವರ್ಷ ವಯಸ್ಸಾಗಿತ್ತು. ಕಳೆದ ಮಳೆಗಾಲದಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿದವರು ಮತ್ತೆ ಕಣ್ಣು ತೆರೆಯಲಿಲ್ಲ. 23 ದಿನ ವೆಂಟಿಲೇಟರ್ ಮೇಲಿದ್ದರು, ಕೊನೆಕೊನೆಗೆ ಕಿಡ್ನಿಯೂ ಕೈಕೊಟ್ಟಿತು. ಇನ್ನು ಚೇತರಿಸಿಕೊಳ್ಳುವ ಆಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ಮಕ್ಕಳು ಮೂವರೂ ಕೂತು ಮಾತನಾಡಿ, ಹಿರಿಯನಾದ ನಾನು ಸಹಿ ಹಾಕಿದೆ. ದುಡ್ಡಿನ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿಗೆ ತೋಟ ಅಡವಿಟ್ಟಾಗಿತ್ತು. ತಿಂಗಳ ಪೂಜೆಯ ದಿನ ನಮ್ಮ ಸೋದರಮಾವ ಎಲ್ಲರೆದುರಿಗೆ, "ದೇವರು ಕೊಟ್ಟ ಪ್ರಾಣ ತೆಗೆಯುವುದಕ್ಕೆ ನೀವ್ಯಾರು?" ಎಂದು ಕೇಳಿದರು. ಅಂದಿನಿಂದ ನಾನು ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸಿಲ್ಲ.
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ನೀವು ಕೊಲೆ ಮಾಡಿಲ್ಲ. ಇದನ್ನು ಮೊದಲ ಸಾಲಿನಲ್ಲಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಪತ್ರ ಬರೆದವರಿಗೆ ಉಳಿದದ್ದನ್ನು ಸಾವಧಾನವಾಗಿ ಓದುವ ಶಕ್ತಿ ಬರುವುದು ಆ ಮಾತು ಸಿಕ್ಕಿದ ಮೇಲೆಯೇ.

ನಿಮ್ಮ ಮಾವನವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬೈಬಲಿನ ಹತ್ತು ಆಜ್ಞೆಗಳಲ್ಲಿ 'ನರಹತ್ಯೆ ಮಾಡಬಾರದು' ಎಂಬ ಆಜ್ಞೆ ಕಥೋಲಿಕರ ಎಣಿಕೆಯಲ್ಲಿ ಐದನೆಯದು, ಬಹುಪಾಲು ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಆರನೆಯದು. ಎಣಿಕೆ ಬೇರೆಯಾದರೂ ಪ್ರಾಣವು ನಮ್ಮ ಸ್ವತ್ತಲ್ಲ, ನಮ್ಮ ವಶಕ್ಕೆ ಕೊಟ್ಟದ್ದು ಎಂಬ ನಂಬಿಕೆ ಇಬ್ಬರದೂ ಹೌದು. ಆದರೆ ಆ ಆಜ್ಞೆಯ ಹೊಟ್ಟೆಯಿಂದ 'ಸಾವನ್ನು ಎಷ್ಟು ದಿನ ತಡೆಯಬಹುದೋ ಅಷ್ಟು ದಿನ ತಡೆಯಲೇಬೇಕು' ಎಂಬ ಹನ್ನೊಂದನೆಯ ಆಜ್ಞೆಯೊಂದನ್ನು ಹೊರತೆಗೆಯುವವರು ಕ್ರೈಸ್ತ ಪರಂಪರೆಯನ್ನು ಸರಿಯಾಗಿ ಓದಿಲ್ಲ.

ಈ ಪ್ರಶ್ನೆ ವೆಂಟಿಲೇಟರಿನೊಂದಿಗೆ ಹುಟ್ಟಿದ್ದೂ ಅಲ್ಲ. 16ನೆಯ ಶತಮಾನದಲ್ಲಿ ಸ್ಪೇನಿನ ಸಲಮಾಂಕ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದ ಫ್ರಾನ್ಸಿಸ್ಕೊ ದೆ ವಿತೋರಿಯ ಎಂಬ ಡೊಮಿನಿಕನ್ ಸಂನ್ಯಾಸಿ ಇದನ್ನು ಊಟದ ಎಲೆಯ ಮೇಲಿಟ್ಟೇ ಚರ್ಚಿಸಿದ್ದರು. ಕೋಳಿಯನ್ನೂ ಗೌಜುಗದ ಮಾಂಸವನ್ನೂ ತಿಂದರೆ ಒಳ್ಳೆಯದೆಂದು ವೈದ್ಯನು ಹೇಳಿದಾಗ, ಅದನ್ನು ಬಿಟ್ಟು ಮೊಟ್ಟೆಯಂಥ ಸಾಮಾನ್ಯ ಆಹಾರವನ್ನೇ ತಿನ್ನುವ ರೋಗಿ ತನ್ನ ಪ್ರಾಣಕ್ಕೆ ದ್ರೋಹ ಬಗೆದಂತಾಗುವುದೇ? ಇಲ್ಲ ಎಂದರು ವಿತೋರಿಯ. ಜೀವವನ್ನು ಕಾಪಾಡಿಕೊಳ್ಳುವ ಹೊಣೆ ಎಲ್ಲರಿಗೂ ಇದೆ, ಆದರೆ ಅತ್ಯಂತ ದುಬಾರಿಯಾದ, ಅತ್ಯಂತ ಪ್ರಯಾಸದ ಉಪಾಯಗಳನ್ನೆಲ್ಲ ಹಿಡಿದು ಕಾಪಾಡಿಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಮುಂದೆ ದೈವಶಾಸ್ತ್ರಜ್ಞರು 'ಸಾಮಾನ್ಯ ಉಪಾಯ', 'ಅಸಾಮಾನ್ಯ ಉಪಾಯ' ಎಂದು ಮಾಡಿದ ವಿಂಗಡಣೆಯ ಬೇರು ಇಲ್ಲಿದೆ.

ಉಸಿರಾಟದ ಯಂತ್ರಗಳು ಆಸ್ಪತ್ರೆಗಳಿಗೆ ಕಾಲಿಡುತ್ತಿದ್ದ ಕಾಲದಲ್ಲಿ ಆಸ್ಟ್ರಿಯದ ಅರಿವಳಿಕೆ ತಜ್ಞರೊಬ್ಬರು ನಿಮ್ಮ ಪ್ರಶ್ನೆಯನ್ನೇ ಹೆಚ್ಚುಕಡಿಮೆ ಇದೇ ರೂಪದಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರ ಮುಂದಿಟ್ಟರು. 1957ರ ನವೆಂಬರ್ 24ರಂದು ಪೋಪ್ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಆಳವಾದ ಪ್ರಜ್ಞಾಹೀನತೆಯಲ್ಲಿರುವ, ಚೇತರಿಸಿಕೊಳ್ಳುವ ಭರವಸೆಯಿಲ್ಲದ ರೋಗಿಯಿಂದ ಯಂತ್ರವನ್ನು ರಕ್ತಚಲನೆ ಪೂರ್ತಿ ನಿಲ್ಲುವ ಮೊದಲೇ ತೆಗೆಯಬಹುದು. ಅದೇ ಉತ್ತರದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸಿದರು. ನಿಮ್ಮ ಪತ್ರವನ್ನು ಓದುವಾಗ ನನಗೆ ಮೊದಲು ನೆನಪಾದದ್ದು ಅದೇ. ಚಿಕಿತ್ಸೆಯು ಮನೆಯವರ ಮೇಲೆ ಹೊರಿಸಲು ಮನಸ್ಸಾಕ್ಷಿ ಒಪ್ಪದಷ್ಟು ದೊಡ್ಡ ಹೊರೆಯಾದರೆ, ಅದನ್ನು ನಿಲ್ಲಿಸುವಂತೆ ಮನೆಯವರು ವೈದ್ಯರನ್ನು ಕೇಳಬಹುದು. ತೋಟ ಅಡವಿಟ್ಟ ಸಂಗತಿಯನ್ನು ನೀವು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ಫಲ ಕೊಡದ ಚಿಕಿತ್ಸೆಗಾಗಿ ಬದುಕಿರುವವರ ಅನ್ನದ ನೆಲ ಹೋಗಬಾರದೆಂಬ ಯೋಚನೆ ದುರಾಸೆಯಲ್ಲ. ಐಸಿಯುವಿನ ಬಿಲ್ಲನ್ನು ಬಹುಪಾಲು ಮನೆಗಳು ಸ್ವಂತ ಕೈಯಿಂದಲೇ ಕಟ್ಟುವ ನಮ್ಮ ನಾಡಿನಲ್ಲಿ, ಈ ಮಾತನ್ನು ನಮ್ಮ ಪ್ರವಚನಗಳಲ್ಲಿ ಯಾಕೆ ಯಾರೂ ಎತ್ತುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2278ನೆಯ ಪರಿಚ್ಛೇದವೂ, ನಿರೀಕ್ಷಿತ ಫಲಕ್ಕೆ ಹೋಲಿಸಿದರೆ ಅತಿಯಾದ ಚಿಕಿತ್ಸೆಯನ್ನು ನಿಲ್ಲಿಸುವುದು ನ್ಯಾಯಸಮ್ಮತವಾಗಿರಬಹುದು ಎಂದೂ, ಅಲ್ಲಿ ಸಾವನ್ನು ತಂದಂತಾಗುವುದಿಲ್ಲ, ಅದನ್ನು ತಡೆಯಲಾರೆವೆಂದು ಒಪ್ಪಿಕೊಂಡಂತಾಗುತ್ತದೆ ಎಂದೂ ಹೇಳುತ್ತದೆ.

ಹಾಗಾದರೆ ಗೆರೆ ಎಲ್ಲಿದೆ? ಸಾಯಿಸಬೇಕೆಂದೇ ಚುಚ್ಚುಮದ್ದು ಕೊಡುವುದು ಗೆರೆಯ ಆಚೆಗಿದೆ. ಅದನ್ನು ಧರ್ಮಸಭೆಯೂ ಒಪ್ಪುವುದಿಲ್ಲ, ಭಾರತದ ಕಾನೂನೂ ಒಪ್ಪುವುದಿಲ್ಲ. ನೋವು ತಡೆಯಲು ಮಾರ್ಫಿನ್ ಕೊಡುವುದು, ಅದರಿಂದ ಆಯುಸ್ಸು ಸ್ವಲ್ಪ ಕುಗ್ಗಬಹುದೆಂದು ಗೊತ್ತಿದ್ದರೂ, ಗೆರೆಯ ಈಚೆಗಿದೆ. ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ: ಯಂತ್ರ ತೆಗೆದ ಮೇಲೆ ತಂದೆ ತಾವಾಗಿಯೇ ಉಸಿರಾಡಲು ತೊಡಗಿದ್ದರೆ ನಿಮಗೆ ನಿರಾಸೆಯಾಗುತ್ತಿತ್ತೇ, ಇಲ್ಲವೇ ಹಾಸಿಗೆಯ ಪಕ್ಕದಲ್ಲೇ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳುತ್ತಿದ್ದಿರೇ? ಉತ್ತರ ನಿಮಗೇ ಗೊತ್ತಿದೆ.

ಹಲವು ವರ್ಷ ಆಸ್ಪತ್ರೆಯೊಂದರಲ್ಲಿ ರೋಗಿಗಳ ಬಳಿ ಪ್ರಾರ್ಥಿಸುವ ಸೇವೆಯಲ್ಲಿದ್ದೆ. ಯಂತ್ರ ತೆಗೆದ ಮೇಲೆ ಮನೆಯವರು ಬಾಗಿಲಾಚೆ ಹೋಗಿ ನಿಂತುಬಿಡುವುದನ್ನು ಕಂಡಿದ್ದೇನೆ, ಮಾಡುವುದೆಲ್ಲ ಮುಗಿಯಿತು ಎಂಬಂತೆ. ಒಮ್ಮೆ ಒಬ್ಬ ಮಗಳು ಮಾತ್ರ ಹೊರಗೆ ಹೋಗಲಿಲ್ಲ. ನರ್ಸಿನಿಂದ ಹತ್ತಿ ಕೇಳಿ ಪಡೆದು, ನೀರಿನಲ್ಲಿ ಅದ್ದಿ, ತಾಯಿಯ ಒಣಗಿದ ತುಟಿಯನ್ನು ಐದು ನಿಮಿಷಕ್ಕೊಮ್ಮೆ ಒದ್ದೆ ಮಾಡುತ್ತ, ಜಪಸರದ ಮಣಿಗಳನ್ನು ಇನ್ನೊಂದು ಕೈಯಲ್ಲಿ ಎಣಿಸುತ್ತ ರಾತ್ರಿಯಿಡೀ ಕೂತಿದ್ದಳು. ಚಿಕಿತ್ಸೆಯನ್ನು ನಿಲ್ಲಿಸಬಹುದು, ಆರೈಕೆಯನ್ನು ನಿಲ್ಲಿಸುವಂತಿಲ್ಲ ಎಂಬ ಧರ್ಮಶಾಸ್ತ್ರದ ಮಾತು ನನಗೆ ಅರ್ಥವಾದದ್ದು ಅಂದು. ಬೆಂಗಳೂರಿನ ಕರುಣಾಶ್ರಯದಂಥ ಕಡೆ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಹಣ ತೆಗೆದುಕೊಳ್ಳದೆ ನಡೆಯುವುದು ಈ ಆರೈಕೆಯೇ.

ಬರುವ ಭಾನುವಾರ ಪೂಜೆಗೆ ಮೊದಲು ನಿಮ್ಮ ಗುರುಗಳನ್ನು ಕಂಡು ಇದನ್ನೆಲ್ಲ ಹೇಳಿಕೊಳ್ಳಿ. ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನಗೀಗ 72 ವರ್ಷ. ಗುಣವಾಗದ ಹಂತ ತಲುಪಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ತಿಳಿಸುವ 'ಲಿವಿಂಗ್ ವಿಲ್' ಎಂಬ ಉಯಿಲನ್ನು, ಮಕ್ಕಳು ಒದ್ದಾಡಬಾರದೆಂದು ಬರೆದಿಡುವ ಮನಸ್ಸಿದೆ. ಅದು ದೇವರ ಮೇಲೆ ಭರವಸೆ ಕಳೆದುಕೊಂಡಂತೆ ಎಂದು ನಮ್ಮ ಪ್ರಾರ್ಥನಾ ಗುಂಪಿನವರು ಹೇಳುತ್ತಾರೆ. ಬರೆಯಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬರೆಯಬಹುದಮ್ಮ, ಆದರೆ ಏನು ಬರೆಯುತ್ತೀರಿ ಎಂಬುದು ಮುಖ್ಯ.

ಈ ಚರ್ಚೆ ದೇಶದಲ್ಲಿ ಮನೆಮಾತಾದದ್ದು ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳ ಕಾರಣದಿಂದ. ಹೊನ್ನಾವರದ ಹಳದೀಪುರದಿಂದ ಮುಂಬೈಯ ಕೆಇಎಂ ಆಸ್ಪತ್ರೆಗೆ ನರ್ಸಾಗಿ ಹೋದ ಅರುಣಾ ಶಾನಭಾಗ್, 1973ರಲ್ಲಿ ಅಲ್ಲಿಯೇ ನಡೆದ ಕ್ರೂರ ಹಲ್ಲೆಯ ಬಳಿಕ 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. ಅವರಿಗೆ ದಯಾಮರಣ ಕೊಡಬೇಕೆಂಬ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಆ ಅರ್ಜಿಯನ್ನು ವಿರೋಧಿಸಿದವರು ವರ್ಷಗಟ್ಟಲೆ ಅವರಿಗೆ ತುತ್ತು ಕೊಟ್ಟು ಮೈ ಒರೆಸಿದ ಅದೇ ಆಸ್ಪತ್ರೆಯ ನರ್ಸುಗಳು ಎಂಬುದನ್ನು ನಾನು ಮರೆಯಲಾರೆ. ಕ್ರೈಸ್ತರು ಎಚ್ಚರ ವಹಿಸಬೇಕಾದ ಜಾಗವೂ ಇದೇ. ಅನ್ನ, ನೀರು, ನಳಿಗೆಯ ಮೂಲಕ ಕೊಟ್ಟರೂ, ತತ್ವತಃ ಸಾಮಾನ್ಯ ಆರೈಕೆಯೇ ಎಂದು ಪೋಪ್ ಎರಡನೆಯ ಜಾನ್ ಪಾಲ್ 2004ರಲ್ಲಿ ಹೇಳಿದರು. ದೇಹ ಅದನ್ನು ಅರಗಿಸಿಕೊಳ್ಳಲಾರದ ಹಂತ ತಲುಪಿದರೆ ಮಾತು ಬೇರೆ. ಅದೇ ಪೋಪ್ ಮರುವರ್ಷ ತಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಹಿಂದಿರುಗದೆ ತಮ್ಮ ಕೋಣೆಯಲ್ಲಿಯೇ ಉಳಿದು, ತಂದೆಯ ಮನೆಗೆ ಹೋಗಲು ಬಿಡಿ ಎಂದರು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ನಳಿಗೆಯ ಊಟದ ವಿಷಯಕ್ಕೆ ಎಲ್ಲರಿಗೂ ಅನ್ವಯಿಸುವ ಒಂದೇ ಕಟ್ಟಳೆಯಿಲ್ಲ.

ಇನ್ನು ಕಾನೂನು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇಂಥ ಉಯಿಲಿಗೆ ಮಾನ್ಯತೆ ಕೊಟ್ಟಿತು. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಮೊದಲಿನ ನಿಯಮವನ್ನು 2023ರಲ್ಲಿ ಸಡಿಲಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಉಯಿಲಿದೆ ಎಂದಾಕ್ಷಣ ಯಾರೂ ಯಂತ್ರ ಆರಿಸಿಬಿಡುವುದಿಲ್ಲ. ಆಸ್ಪತ್ರೆಯ ಒಂದು ವೈದ್ಯ ಮಂಡಳಿ, ಅದರ ಮೇಲೆ ಎರಡನೆಯದೊಂದು ಮಂಡಳಿ ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಅದಕ್ಕಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ವರ್ಷಗಟ್ಟಲೆ ಹೋರಾಡಿದ್ದರು.

ನನ್ನ ಸಲಹೆ ಇಷ್ಟು. 'ಯಾವ ಯಂತ್ರವೂ ಬೇಡ' ಎಂದು ಒಂದೇ ಏಟಿಗೆ ಬರೆಯಬೇಡಿ. ನ್ಯುಮೋನಿಯಾ ಬಂದವರು ನಾಲ್ಕು ದಿನ ವೆಂಟಿಲೇಟರ್ ಮೇಲಿದ್ದು ಮನೆಗೆ ನಡೆದು ಬಂದದ್ದುಂಟು. ಚೇತರಿಸಿಕೊಳ್ಳುವ ಭರವಸೆ ಇಲ್ಲವೆಂದು ವೈದ್ಯರು ನಿರ್ಧರಿಸಿದಾಗ ಮಾತ್ರ ಎಂದು ಬರೆಯಿರಿ. ನೋವಿನ ಔಷಧ, ಅನ್ನಾಹಾರ, ಗುರುಗಳ ಭೇಟಿ, ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ ಇವು ಬೇಕೆಂದು ಪ್ರತ್ಯೇಕವಾಗಿ ಸೇರಿಸಿ. ಆ ಎಣ್ಣೆಯ ಪ್ರಾರ್ಥನೆ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಷ್ಟು ಹಳೆಯದು. ನಿಮ್ಮ ಪರವಾಗಿ ಮಾತನಾಡುವವರಾಗಿ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು ಅವಕಾಶವಿದೆ; ವಿದೇಶದಲ್ಲಿರುವ ಮಗನೊಬ್ಬನನ್ನೇ ನೆಚ್ಚಿಕೊಳ್ಳದೆ ಹತ್ತಿರವಿರುವವರನ್ನೂ ಸೇರಿಸಿ. ಭರವಸೆಯ ಮಾತಿಗೆ ಬಂದರೆ, ಆಸ್ತಿಗೆ ಉಯಿಲು ಬರೆಯುವಾಗ ನಮ್ಮ ಪ್ರಾರ್ಥನಾ ಗುಂಪುಗಳಿಗೆ ಈ ಅನುಮಾನ ಬರುವುದೇ ಇಲ್ಲವಲ್ಲ!

ಪ್ರಶ್ನೆ: ಸಮಾಧಿಗೆ ಜಾಗ ಸಿಗುವುದು ಕಷ್ಟವಾಗಿದೆ. ಕ್ರೈಸ್ತರು ದಹನ ಮಾಡಬಹುದೇ? ಕಣ್ಣು ದಾನ ಮಾಡಿದರೆ ಪುನರುತ್ಥಾನದ ದಿನ ಕಣ್ಣಿಲ್ಲದೆ ಏಳುತ್ತೇವೆ ಎನ್ನುವವರಿಗೆ ಏನು ಹೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದಹನವನ್ನು ಕಥೋಲಿಕ ಧರ್ಮಸಭೆ 1963ರಲ್ಲಿಯೇ ಅನುಮತಿಸಿದೆ, ಹೂಳುವುದೇ ಮೇಲೆಂಬ ಮಾತನ್ನು ಬಿಡದೆ. ವ್ಯಾಟಿಕನ್ನಿನ 2016ರ ಸೂಚನೆಯಂತೆ ಚಿತಾಭಸ್ಮವನ್ನು ನದಿಯಲ್ಲಿ ಬಿಡಬಾರದು, ಪವಿತ್ರ ಸ್ಥಳದಲ್ಲಿ ಇರಿಸಬೇಕು. ಇಸ್ರಾಯೇಲಿನ ಅರಸ ಸೌಲನ ಮತ್ತು ಅವನ ಮಕ್ಕಳ ಶವಗಳನ್ನು ಯಾಬೇಷ್ ಊರಿನವರು ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಳಿದ ಪ್ರಸಂಗ ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದ ಕೊನೆಯಲ್ಲಿದೆ. ಅದಕ್ಕಾಗಿ ದಾವೀದನು ಅವರನ್ನು ಹರಸಿದನೇ ಹೊರತು ಬೈಯಲಿಲ್ಲ.

ಕಣ್ಣಿನ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಮಣ್ಣಿನಲ್ಲಿ ಕರಗಿದ ಕಣ್ಣನ್ನು ಎಬ್ಬಿಸಬಲ್ಲ ದೇವರಿಗೆ ದಾನವಾದ ಕಣ್ಣು ಅಡ್ಡಿಯಾಗುವುದೇ? ಬಿತ್ತಿದ ಕಾಳೇ ಬೆಳೆದ ಪೈರಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದದ್ದೂ ಇದೇ ಅನುಮಾನಕ್ಕೆ. ಆದರೆ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ, ಮನೆಯವರಿಗೆ ತಿಳಿಸಿರಬೇಕು. ಸಾವು ಸಂಭವಿಸಿದ ಸುಮಾರು 6 ಗಂಟೆಯೊಳಗೆ ಕಣ್ಣುಗಳನ್ನು ತೆಗೆಯಬೇಕಾಗುತ್ತದೆ. ಆದ್ದರಿಂದ ನೆಂಟರಿಗೆ ಫೋನ್ ಮಾಡುವ ಮೊದಲು ನೇತ್ರಭಂಡಾರಕ್ಕೆ ಮಾಡಿ, ರೆಪ್ಪೆಗಳನ್ನು ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಟ್ಟು, ಕೋಣೆಯ ಫ್ಯಾನ್ ಆರಿಸಿ.