ಪೂರ್ತಿ ರಿಮೋಟ್ ಟೀಮ್‌ಗೆ ಚಾಟ್ ಒಂದೇ ಸಾಕಾ?

ನಿಮ್ಮ ಟೀಮ್‌ನವರೆಲ್ಲ ಬೇರೆ ಬೇರೆ ಊರಲ್ಲಿದ್ದೀರಿ, ಇಮೇಲ್ ಬಿಟ್ಟು ಎಲ್ಲವನ್ನೂ ಸ್ಲ್ಯಾಕ್ ಅನ್ನೋ ಚಾಟ್ ಆ್ಯಪ್‌ನಲ್ಲೇ ಮಾಡೋಣ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ, ಇದರಲ್ಲಿ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಇದೆ. ಅದೂ ಮೊದಲ ತಿಂಗಳಲ್ಲಿ ಕಾಣುವಂಥದ್ದಲ್ಲ.

ನಾನು ಹುಬ್ಬಳ್ಳಿಯ ಮನೆಯಿಂದ ಕೆಲಸ ಮಾಡುತ್ತೇನೆ. ಟೀಮ್‌ನಲ್ಲಿ ಕೆಲವರು ಬೆಂಗಳೂರಲ್ಲಿ, ಉಳಿದವರು ಕ್ಯಾಲಿಫೋರ್ನಿಯಾದಲ್ಲಿ. ಚಾಟ್ ಬೇಡವೇ ಬೇಡ ಅನ್ನುವವನು ನಾನಲ್ಲ. ಸರ್ವರ್ ಡೌನ್ ಆದಾಗ ಇಮೇಲ್ ಬರೆಯುತ್ತಾ ಕೂರೋಕಾಗಲ್ಲ. ಆದರೆ ತೀರ್ಮಾನಗಳೂ ಚಾಟ್‌ನಲ್ಲೇ ಆಗತೊಡಗಿದರೆ ಕಷ್ಟ.

ಒಂದು ಉದಾಹರಣೆ ಹೇಳುತ್ತೇನೆ. ಪೇಮೆಂಟ್ ಫೇಲ್ ಆದರೆ ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು ಅನ್ನೋ ಚರ್ಚೆ ನಮ್ಮಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 10 ಗಂಟೆ, ಬೇಸಿಗೆ ಕಾಲ, ಅಂದರೆ ನಮಗೆ ರಾತ್ರಿ 10:30. ಅಲ್ಲಿಯ ನಾಲ್ವರು ಅರ್ಧ ಗಂಟೆ ಮಾತಾಡಿ ಮುಗಿಸಿದರು. ಬೆಳಗ್ಗೆ ನಾವು ಎದ್ದು ನೋಡಿದರೆ ಒಂದೇ ವಿಷಯದ ಮೇಲೆ ಸಾಲಾಗಿ ಮೆಸೇಜ್‌ಗಳಿರುವ ಉದ್ದನೆಯ ಥ್ರೆಡ್, ಕೊನೆಯಲ್ಲಿ ಒಂದು ಹೆಬ್ಬೆರಳಿನ ಇಮೋಜಿ. ಅದು "ಒಪ್ಪಿದೆ" ಅಂತಲೋ, "ಓದಿದೆ" ಅಂತಲೋ? ಆ ಕೋಡನ್ನು ದಿನವೂ ನೋಡಿಕೊಳ್ಳುವ ಹುಡುಗಿ ಬೆಂಗಳೂರಿನವಳು. ಅವಳಿಗೆ ಮಾತಾಡುವ ಅವಕಾಶವೇ ಸಿಗಲಿಲ್ಲ. ನಿದ್ದೆಯಲ್ಲಿದ್ದವರ ಅಭಿಪ್ರಾಯಕ್ಕೆ ಬೆಲೆ ಇಲ್ಲದಂತಾಗುವುದು ನನಗೆ ನಿಜಕ್ಕೂ ಬೇಸರದ ವಿಷಯ. ಮುಂದೆ ಹೊಸಬರೊಬ್ಬರು ಸೇರಿದಾಗ "ಮೂರೇ ಸಲ ಯಾಕೆ?" ಅಂತ ಕೇಳಿದರು. ಹುಡುಕಿದರೆ ಸಿಕ್ಕಿದ್ದು "ಓಕೆ", "ಹಾಗೇ ಮಾಡಿ" ಇಷ್ಟೇ. ಕಾರಣ ಎಲ್ಲೂ ಇರಲಿಲ್ಲ.

ನೀವು ಸ್ಲ್ಯಾಕ್‌ನ ಫ್ರೀ ಪ್ಲಾನ್‌ನಲ್ಲಿದ್ದರೆ ಇನ್ನೂ ಹುಷಾರಾಗಿರಿ. ಮೊದಲು 10,000 ಮೆಸೇಜ್‌ವರೆಗೆ ಹಳೆಯದು ಕಾಣುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ 90 ದಿನದ್ದು ಮಾತ್ರ. 2024ರಲ್ಲಿ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಯೇ ಹಾಕುವ ನಿಯಮ ಬಂತು. ಆಮೇಲೆ ದುಡ್ಡು ಕಟ್ಟಿದರೂ ಅಳಿಸಿದ್ದು ವಾಪಸ್ ಬರಲ್ಲ.

ಇನ್ನೊಂದು, ನೀವು ಆನ್‌ಲೈನ್ ಇದ್ದೀರಿ ಅಂತ ಹೆಸರಿನ ಪಕ್ಕ ತೋರಿಸುವ ಆ ಹಸಿರು ಚುಕ್ಕಿ. ಮೈಕ್ರೋಸಾಫ್ಟ್‌ನ ಚಾಟ್ ಆ್ಯಪ್ ಟೀಮ್ಸ್‌ನಲ್ಲಿ ಐದು ನಿಮಿಷ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಅದು ಹಳದಿಯಾಗುತ್ತದೆ. ಪೇಪರ್ ಮೇಲೆ ಡಿಸೈನ್ ಬಿಡಿಸುತ್ತಾ ಯೋಚನೆ ಮಾಡುತ್ತಿದ್ದರೂ ನೀವು "ಇಲ್ಲ" ಅಂತಲೇ ಲೆಕ್ಕ. ಚುಕ್ಕಿ ನೋಡಿ ಕೆಲಸ ಅಳೆಯುವ ಮ್ಯಾನೇಜರ್ ಇದ್ದರೆ ಜನ ಕೆಲಸ ಬಿಟ್ಟು ಚುಕ್ಕಿ ಕಾಯುತ್ತಾರೆ. ಬರೀ "ಹಾಯ್" ಅಂತ ಹಾಕಿ ಸುಮ್ನೆ ಇದ್ದುಬಿಡುವವರದ್ದು ಬೇರೆ ಕಾಟ. ವಿಷಯ ಏನು ಅಂತ ಗೊತ್ತಿಲ್ಲ, ಮನಸ್ಸು ಮಾತ್ರ ಕೋಡ್‌ನಿಂದ ಆಚೆ ಬಂದಿರುತ್ತದೆ. ಕೇಳಬೇಕಾದ್ದನ್ನು ಮೊದಲ ಮೆಸೇಜ್‌ನಲ್ಲೇ ಪೂರ್ತಿ ಬರೆಯಿರಿ ಅಂತ ನಿಮ್ಮವರಿಗೆ ಹೇಳಿ.

ನಮ್ಮಲ್ಲಿ ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ. ಚರ್ಚೆ ಚಾಟ್‌ನಲ್ಲಿ ಆಗಲಿ, ಅಡ್ಡಿಯಿಲ್ಲ. ಆದರೆ ಟಿಕೆಟ್‌ನಲ್ಲಿ, ಅಂದರೆ ಆ ಕೆಲಸದ ದಾಖಲೆಯಲ್ಲಿ, ಬರೆಯುವ ತನಕ ಅದು ತೀರ್ಮಾನ ಅಲ್ಲ. ಏನು, ಯಾಕೆ, ಯಾರು ಒಪ್ಪಿದರು, ನಾಲ್ಕು ಸಾಲು ಸಾಕು. ತುರ್ತು ಇಲ್ಲದಿದ್ದರೆ ಇನ್ನೊಂದು ಕಡೆಯವರಿಗೆ ಒಂದು ಪೂರ್ತಿ ಕೆಲಸದ ದಿನ ಬಿಡುತ್ತೇವೆ. ಇದರಿಂದ ವೇಗ ಸ್ವಲ್ಪ ಕಮ್ಮಿಯಾಯಿತು, ನಿಜ. ಆದರೆ ಬೆಂಗಳೂರಿನವರು ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂರುವುದು ನಿಂತಿದೆ.

ಹಾಗಾಗಿ ಮ್ಯಾನೇಜರ್ ಹತ್ತಿರ ಇಮೇಲ್ ಬೇಕಾ ಬೇಡವಾ ಅಂತ ವಾದ ಮಾಡಬೇಡಿ. ತೀರ್ಮಾನಗಳನ್ನು ಎಲ್ಲಿ ಬರೆದಿಡುತ್ತೇವೆ, ಬರೆಯುವವರು ಯಾರು ಅಂತ ಕೇಳಿ. ಅದು ಟಿಕೆಟ್‌ಗಳನ್ನಿಡುವ ಜಿರಾ ಆಗಲಿ, ಗೂಗಲ್ ಡಾಕ್ ಆಗಲಿ, ಜಾಗ ಗೊತ್ತಾದ ಮೇಲೆ ಸ್ಲ್ಯಾಕ್‌ಗೆ ಹೋಗಿ.